ಆಮಿಗಾಡಿಯ ಭಾರ

ಹೊಳೆಪ್ಪನನ್ನು ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಆತ ತನ್ನ ಸುದ್ದಿ ಹೇಳುತ್ತಿರಲಿಲ್ಲ, ಹಾದಿಯ ಸುದ್ದಿ ಹೇಳುತ್ತಿದ್ದ. ಹುಕ್ಕೇರಿ ಹಾದಿ ಕೆಟ್ಟು ಕೆರ ಹಿಡಿದಿದೆ, ಮೂಡಲಗಿ ಹಾದಿಯಲ್ಲಿ ಎರೆಮಣ್ಣು ಗಾಲಿ ನುಂಗುತ್ತದೆ, ಹಿಡಕಲ್ ಕಡೆಯಿಂದ ಕಲ್ಲು ಹೊರುವ ಲಾರಿಗಳು ಇದ್ದ ಡಾಂಬರನ್ನೂ ಕಿತ್ತು ತಿಂದಿವೆ. ಇಷ್ಟು ಹೇಳಿ ಒಂದು ಕೈಯನ್ನು ಸೊಂಟದ ಹಿಂದಿಟ್ಟುಕೊಂಡು ಎದ್ದು ಹೋಗುತ್ತಿದ್ದ. ಕೇಳಿದವರಿಗೆ ಅವನ ಕುಶಲ ತಿಳಿದಂತೆಯೇ ಆಗುತ್ತಿತ್ತು. ಯಾಕೆಂದರೆ ಆ ಹಾದಿಗಳೆಲ್ಲ ಅವನ ಬೆನ್ನೊಳಗೇ ಬಂದು ಕೂತಿದ್ದವು.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಲಿ ಸುಟ್ಟು ಗಾಡಿ ಓಡಿಸುತ್ತಿದ್ದರಲ್ಲ, ಆಗ ಇವನು ಆ ಒಲೆ ಕೆದಕುವ ಕೆಲಸಕ್ಕೆ ಸೇರಿದ. ಒಲೆಯಿಂದ ಕ್ಲೀನರ್ ಆದ, ಕ್ಲೀನರಿನಿಂದ ಡ್ರೈವರ್ ಆದ. ಸ್ವಾತಂತ್ರ್ಯ ಬಂತು. ಮುಂಬೈ ಸರಕಾರದವರು ಖಾಸಗಿ ಬಸ್ಸುಗಳನ್ನೆಲ್ಲ ಎತ್ತಿಕೊಂಡು ಕೆಂಪು ಬಸ್ಸು ತಂದಾಗ ಇವನ ಬೆನ್ನು ನೋಡಿ ಬೇಡ ಎಂದರು. ಆಮೇಲೆ ಮೂಡಲಗಿಯಿಂದ ಬೆಲ್ಲ ಹೊರುವ ಲಾರಿ. ರಾಜ್ಯವೇ ಬದಲಾಗಿ ಗೋಕಾಕ ಮೈಸೂರು ಸರಕಾರಕ್ಕೆ ಬಂದರೂ ಹೊಳೆಪ್ಪನ ಕೆಳಗಿನ ಸೀಟು ಬದಲಾಗಲಿಲ್ಲ, ಸೀಟಿನ ಕೆಳಗಿನ ತಗ್ಗು ಬದಲಾಗಲಿಲ್ಲ. ಸಾಕಪ್ಪಾ ಸಾಕು ಎನ್ನುವ ಹೊತ್ತಿಗೆ ಕುಲಗೋಡ ಡಾಕ್ಟರು ಕರೆದು ತಮ್ಮ ಕಾರಿಗೆ ಡ್ರೈವರ್ ಮಾಡಿಕೊಂಡರು. ಸಣ್ಣ ಗಾಡಿ, ಸಾವಕಾಶ ಹೊಡೆಯುವುದು, ಬೆನ್ನಿಗೆ ಸ್ವಲ್ಪ ಆರಾಮ ಎಂದುಕೊಂಡು ಹೋದ. ಆರಾಮ ಎಂಬುದು ಅವನ ಹಣೆಯಲ್ಲಿ ಬರೆದಿರಲಿಲ್ಲ.

ಆ ಕಾರು ಒಂದು ವಿಚಿತ್ರ. ಡಾಕ್ಟರು ಅದನ್ನು ಪುಣೆಯ ಒಬ್ಬ ಪಾರಸಿ ಮುದುಕನಿಂದ ತಂದಿದ್ದರು. ಜರ್ಮನಿಯದಂತೆ, ಫೋಕ್ಸ್‌ವ್ಯಾಗನ್ ಅಂತೆ. ಆ ಹೆಸರು ಗೋಕಾಕದ ನಾಲಿಗೆಗೆ ಹತ್ತಲಿಲ್ಲ. ಗುಂಡಗೆ ಬೆನ್ನು ಬಾಗಿದ ಆಕಾರ ನೋಡಿ ಜನ ಆಮಿಗಾಡಿ ಎಂದರು, ಅದೇ ನಿಂತಿತು. ಎಂಜಿನು ಮುಂದಿಲ್ಲ, ಹಿಂದೆ. ಅದಕ್ಕೆ ನೀರೂ ಬೇಡ, ಗಾಳಿಯಿಂದಲೇ ತಣ್ಣಗಾಗುವ ಎಂಜಿನು. ಹುಕ್ಕೇರಿ ಸಂತೆಯಲ್ಲಿ ಗಾಡಿ ನಿಂತರೆ ಸಾಕು, ಯಾರಾದರೂ ಪುಣ್ಯಾತ್ಮರು ಕೊಡ ನೀರು ತಂದು ಎಲ್ಲಿ ಹಾಕೋಣ ಎಂದು ಕೇಳುತ್ತಿದ್ದರು. ಹೊಳೆಪ್ಪ ಬೇಡವೆಂದು ಹೇಳಿ ಹೇಳಿ ದಣಿದು, ಕೊನೆಗೆ ಆ ನೀರಿನಿಂದ ಮುಖ ತೊಳೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದ.

ಆದರೆ ಗಾಡಿ ಹಳೆಯದಾಗಿತ್ತು. ಹಿಂದಿನ ಭಾಗ ಕುಸಿದು, ಅಂಗೈ ಆಳದ ತಗ್ಗಿಗೂ ತಳ ಬಡಿದು ಧಡ್ ಎನ್ನುತ್ತಿತ್ತು. ಒಬ್ಬ ಡಾಕ್ಟರು, ಒಂದು ಔಷಧದ ಪೆಟ್ಟಿಗೆ, ಒಬ್ಬ ಹೊಳೆಪ್ಪ, ಇಷ್ಟಕ್ಕೆ ಹೇಗೋ ನಡೆದಿತ್ತು. ಇನ್ನೊಬ್ಬರು ಹಿಂದೆ ಕೂತರೆ ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ಡಾಕ್ಟರು ಅದನ್ನು ಹಚ್ಚಿಕೊಂಡಿರಲಿಲ್ಲ, ಹೊಳೆಪ್ಪನೂ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಳ್ಳುವಂತೆ ಮಾಡಿದ್ದು ಮಗಳ ಬಸಿರು.

ಹೊಳೆಪ್ಪನಿಗೆ ಒಬ್ಬಳೇ ಮಗಳು, ರಾಯವ್ವ. ಹುಕ್ಕೇರಿಗೆ ಕೊಟ್ಟಿದ್ದ. ಅಳಿಯ ಮಾಲಿಂಗಪ್ಪ ಹಿಡಕಲ್ಲಿನ ಅಣೆಕಟ್ಟಿನ ಕೆಲಸದ ಮೇಲಿದ್ದ, ವಾರಕ್ಕೋ ಹದಿನೈದು ದಿನಕ್ಕೋ ಮನೆಗೆ ಬರುವವನು. ಮನೆಯಲ್ಲಿ ಅತ್ತೆ ಶೆಟ್ಟೆವ್ವನದೇ ಕಾರಭಾರ. ರಾಯವ್ವ ಎರಡು ಸಲ ಬಸಿರಾಗಿ, ಎರಡು ಸಲವೂ ಹೆರಿಗೆಗೆಂದು ತವರಿಗೆ ಬಂದು, ಬಂದ ಒಂದೆರಡು ದಿನದಲ್ಲೇ ಸತ್ತ ಕೂಸು ಹಡೆದಿದ್ದಳು. ಮೊದಲ ಸಲ ಬಸ್ಸಿನಲ್ಲಿ ಬಂದಿದ್ದಳು. ಬಸ್ಸು ಕುಲುಕಿತು, ಕೂಸು ಹೋಯಿತು ಎಂದರು. ಎರಡನೆಯ ಸಲ ಚಕ್ಕಡಿಯಲ್ಲಿ ಮೆತ್ತಗೆ ಹುಲ್ಲು ಹಾಸಿ, ಮೇಲೆ ಎರಡು ಕೌದಿ ಹಾಸಿ ಕರೆತಂದರು. ಚಕ್ಕಡಿಯೂ ಕುಲುಕಿತು ಎಂದರು. ಹುಕ್ಕೇರಿಯವರು ಹಾದಿಯನ್ನು ಬೈದರು, ಗೋಕಾಕದವರೂ ಹಾದಿಯನ್ನೇ ಬೈದರು. ಬೀಗರಿಬ್ಬರೂ ಒಂದು ಮಾತಿಗೆ ಬಂದದ್ದು ಈ ವಿಷಯದಲ್ಲಿ ಮಾತ್ರ. ಕುಣಿಯಲಾರದವಳು ನೆಲ ಡೊಂಕು ಎಂದಳೆಂದು ನಗುತ್ತೇವೆ, ಆದರೆ ಇಲ್ಲಿ ನೆಲ ಖರೆಯಾಗಿಯೇ ಡೊಂಕಿತ್ತು. ಹೊಳೆಪ್ಪನಿಗಿಂತ ಅದನ್ನು ಬಲ್ಲವರು ಯಾರು? ಹರೆಯದಿಂದ ತನ್ನ ಬೆನ್ನು ಮುರಿದ ಹಾದಿ ಈಗ ಮೊಮ್ಮಕ್ಕಳನ್ನೂ ಮುರಿಯಿತು ಎಂದು ಅವನು ನಂಬಿದ್ದ. ಆ ನಂಬಿಕೆಯ ಭಾರಕ್ಕೆ ಅವನು ಇನ್ನಷ್ಟು ಬಾಗಿದ್ದ.

ಅರವತ್ತೊಂದನೆಯ ಇಸವಿಯಲ್ಲಿ ರಾಯವ್ವ ಮೂರನೆಯ ಸಲ ಬಸಿರಾದಳು. ಕುಲಗೋಡ ಡಾಕ್ಟರು ಒಮ್ಮೆ ಹುಕ್ಕೇರಿಗೆ ಹೋದಾಗ ಅವಳನ್ನು ನೋಡಿ ಬಂದು, ಎರಡು ಸಲ ಹೀಗಾದ ಮೇಲೆ ಮೂರನೆಯದಕ್ಕೆ ಅವಳು ತಮ್ಮ ಕಣ್ಣೆದುರಿಗೇ ಇರಬೇಕು, ಗೋಕಾಕದಲ್ಲಿ ಹಾಸಿಗೆಯ ಮೇಲೆ ಮಲಗಿಯೇ ದಿನ ತೆಗೆಯಬೇಕು, ಇಲ್ಲದಿದ್ದರೆ ಈ ಕೂಸೂ ದಕ್ಕುವುದು ಕಷ್ಟ ಎಂದು ಹೇಳಿದರು. ಹೊಳೆಪ್ಪ ಏಳನೆಯ ತಿಂಗಳಿಗೆ ಮಗಳನ್ನು ಕರೆಯಲು ಹೋದ. ಶೆಟ್ಟೆವ್ವ ಬಾಗಿಲಿಗೆ ಅಡ್ಡ ನಿಂತಳು. ಗಟ್ಟಿ ಹೆಣ್ಣುಮಗಳು. ಬಾಗಿಲಿಗೆ ನಿಂತರೆ ಒಳಗಿನ ಬೆಳಕು ಹೊರಗೆ ಬರುತ್ತಿರಲಿಲ್ಲ.

"ಎರಡ ಸರ್ತಿ ನಿಮ್ಮ ಹಾದಿ ತಿಂದೈತಿ, ಬೀಗರ. ಮೂರನೇದ್ದು ನಾ ಕೊಡಾಂಗಿಲ್ಲ."

ಅದಕ್ಕಿಂತ ಹೊಳೆಪ್ಪನಿಗೆ ನೋವಾದದ್ದು ಮಗಳ ಮಾತು. ಹಿಂದೆ ಎರಡು ಸಲವೂ ತವರಿಗೆ ಕಳಿಸಿರೆಂದು ಹಟ ಹಿಡಿದು ಅತ್ತು ಬಂದವಳು, ಈ ಸಲ ಕಂಬಕ್ಕೆ ಒರಗಿ ಕೂತು ತಾನು ಬರುವುದಿಲ್ಲ ಎಂದಳು. ಅಪ್ಪನ ಗಾಡಿಯ ಮೇಲೆ ಅವಳಿಗೂ ನಂಬಿಕೆ ಹೋಯಿತು ಎಂದು ಅವನು ತಿಳಿದ. ಕುಲುಕದ ಹಾಗೆ ಕರೆದೊಯ್ಯುತ್ತೇನೆ, ಬೇಕಾದರೆ ತುಂಬಿದ ತಂಬಿಗೆ ಇಟ್ಟು ನೋಡಿರಿ ಎಂದು ದೊಡ್ಡ ಮಾತಾಡಿ, ಅಂಥ ಗಾಡಿ ತಂದರೆ ಕಳಿಸುತ್ತೇನೆಂದು ಶೆಟ್ಟೆವ್ವನ ಬಾಯಿಂದ ಅನ್ನಿಸಿಕೊಂಡು ಬಂದ. ಬಂದವನು ಆಮಿಗಾಡಿಯ ಮುಂದೆ ನಿಂತು ತನ್ನ ಬಾಯಿಯನ್ನು ತಾನೇ ಬೈದುಕೊಂಡ.

ಡಾಕ್ಟರು ಗಾಡಿ ಬಿಚ್ಚಲು ಒಪ್ಪಿಗೆ ಕೊಟ್ಟರು. ರವಿವಾರದ ಒಂದು ದಿನ ಮಗಳನ್ನು ತರಲೂ ಕೊಟ್ಟರು. ಹೊಳೆಪ್ಪ ಗಾಡಿಯನ್ನು ಕಮ್ಮಾರ ಅಲ್ಲಪ್ಪನ ಕುಲುಮೆಯ ಮುಂದೆ, ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿದ. ಅಲ್ಲಪ್ಪ ಟಾಂಗಾದ ಪಾಟಾ, ಲಾರಿಯ ಪಾಟಾ ಎಲ್ಲ ಕಾಸಿ ಬಡಿದು ಬಾಗಿಸಿ ಕೊಡುವವನು. ಗಾಡಿಯ ಭಾರ ಹೊರುವ ಆ ಉಕ್ಕಿನ ಪಟ್ಟಿಗಳ ವಿಷಯದಲ್ಲಿ ತಾಲೂಕಿಗೆ ಅವನೇ ದೊಡ್ಡವನು. ಕುಸಿದ ಗಾಡಿಗೆ ಇನ್ನೊಂದು ಪಾಟಾ ಸೇರಿಸಿದರೆ ಮುಗಿಯಿತು ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ಹೊಳೆಪ್ಪ ಅಂಗಾತ ಮಲಗಿ ಒಳಗೆ ತೂರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವನು ಪಾಟಾನೇ ಇಲ್ಲ ಎಂದ. ಅಲ್ಲಪ್ಪನೂ ತೂರಿ ನೋಡಿದ. ಇರಲಿಲ್ಲ. ಸುರುಳಿಯ ಸ್ಪ್ರಿಂಗೂ ಇರಲಿಲ್ಲ. ಡಾಕ್ಟರಿಗೆ ಪಾರಸಿ ಮುದುಕ ಪಾಟಾ ಕಳಚಿಕೊಂಡು ಗಾಡಿ ಮಾರಿ ಟೋಪಿ ಹಾಕಿದ್ದಾನೆ ಎಂದು ಅಲ್ಲಪ್ಪ ಘೋಷಿಸಿದ. ಆ ಸುದ್ದಿ ಮಧ್ಯಾಹ್ನದೊಳಗೆ ಪ್ಯಾಟಿಯೆಲ್ಲ ಹರಡಿತು.

ಪಾಟಾ ಇಲ್ಲದೆ ಗಾಡಿ ಇಷ್ಟು ವರ್ಷ ಯಾವುದರ ಮೇಲೆ ನಿಂತಿತ್ತು ಎಂಬುದು ಮರುದಿನ ತಿಳಿಯಿತು. ಹಿಂದಿನ ಗಾಲಿಯಿಂದ ಬಂದ ಒಂದು ಉಕ್ಕಿನ ತೋಳು ಅಡ್ಡಲಾಗಿದ್ದ ಕೊಳವೆಯ ಬಾಯಿಗೆ ಸೇರಿತ್ತು. ಆ ಬಾಯಿಯ ಮುಚ್ಚಳ ಬಿಚ್ಚಿದರೆ ಒಳಗೆ ತೆಳು ಕಬ್ಬಿನಷ್ಟು ದಪ್ಪದ ಒಂದು ಸಲಾಕೆ, ಅದರ ತುದಿಗೆ ಸುತ್ತಲೂ ಸಣ್ಣ ಸಣ್ಣ ಹಲ್ಲು. ಗಾಲಿ ಮೇಲೆದ್ದಾಗ ಸಲಾಕೆ ಒದ್ದೆ ಧೋತರ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಗಾಲಿ ಇಳಿದಾಗ ಬಿಚ್ಚಿಕೊಳ್ಳುತ್ತದೆ. ಭಾರವೆಲ್ಲ ಆ ತಿರುಚಿನ ಮೇಲೆ. ಸಲಾಕೆ ದಣಿದು ಸ್ವಲ್ಪ ತಿರುಚಿಕೊಂಡೇ ಉಳಿದಿದೆ, ಅದಕ್ಕೆ ಗಾಡಿ ಕುಸಿದಿದೆ. ಹೊಳೆಪ್ಪ ಅದನ್ನು ಬಹಳ ಹೊತ್ತು ನೋಡುತ್ತ ಕೂತ. ಕಬ್ಬಿಣಕ್ಕೂ ಬೆನ್ನು ನೋವು ಬರುತ್ತದೆ ಎಂದು ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು.

ಹೊಸ ಸಲಾಕೆ ತರಲು ಜರ್ಮನಿಗೆ ಹೋಗಬೇಕು. ಇದ್ದುದನ್ನೇ ಎಳೆದು, ಹಲ್ಲು ದಾಟಿಸಿ ತಿರುವಿ ಕೂಡಿಸಿದರೆ ತೋಳು ಕೆಳಗಿಳಿಯುತ್ತದೆ, ಗಾಡಿ ಮೇಲೇಳುತ್ತದೆ. ಹೇಳುವುದು ಸುಲಭ. ಆ ತೋಳನ್ನು ಅದರ ತಡೆಯಿಂದ ಬಿಡಿಸುವಾಗ ಅದು ಒದೆಯುವ ಎಮ್ಮೆಯ ಹಾಗೆ ಬೀಸಿ ಬಂದು ಹೊಳೆಪ್ಪನ ಭುಜಕ್ಕೆ ಬಡಿಯಿತು. ಎರಡು ದಿನ ಕೈ ಎತ್ತಲಾಗಲಿಲ್ಲ. ಹೆಂಡತಿ ಇಂದ್ರವ್ವ ಅರಿಶಿನ ಕಾಸಿ ಹಚ್ಚುತ್ತ, ಇಷ್ಟೆಲ್ಲ ಯಾಕೆ ಬೇಕು, ಆಗುವುದು ಆಗುತ್ತದೆ ಎಂದಳು. ಅವನಿಗೆ ಸಿಟ್ಟು ಬಂತು. ಹೆಂಗಸರು ಎಲ್ಲವನ್ನೂ ಹಣೆಬರಹಕ್ಕೆ ಬಿಟ್ಟು ಕೂಡುತ್ತಾರೆ, ಹಾದಿ ಹಣೆಯ ಮೇಲಿಲ್ಲ, ನೆಲದ ಮೇಲಿದೆ ಎಂದ. ಇಂದ್ರವ್ವ ಅರಿಶಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಕೆಲಸ ಮುಗಿಯಿತು. ಹಲ್ಲು ದಾಟಿಸಿದರು. ಬೆಳಗಾವಿಯಿಂದ ಕುಲುಕು ತಡೆಯುವ ಜೀಪಿನ ಹೊಸ ಶಾಕಪ್ ತರಿಸಿ, ಅದರ ಕಿವಿಗೆ ಅಲ್ಲಪ್ಪ ಬೇರೆ ಬಳೆ ಮಾಡಿ ಕೂಡಿಸಿದ. ತಳ ಬಡಿಯದಂತೆ ಲಾರಿಯ ಟಾಯರು ಕೊಯ್ದು ರಬ್ಬರಿನ ಗಟ್ಟಿ ಇಟ್ಟರು. ಎತ್ತರ ಸರಿಯಾಯಿತೋ ಇಲ್ಲವೋ ನೋಡಲು ಹೊಳೆಪ್ಪ ಬೆಲ್ಲದ ಅಡತಿಯಿಂದ ದೊಡ್ಡ ಪೆಂಟಿಗಳನ್ನು, ಗುಂಡುಕಲ್ಲಿನಂಥ ಬೆಲ್ಲದ ಗಟ್ಟಿಗಳನ್ನು ತಂದು ಹಿಂದಿನ ಸೀಟಿನ ಮೇಲೆ ಪೇರಿಸಿದ. ಗಾಡಿ ಸಮನಾಗಿ ಕೂತಿತು. ಗೋಕಾಕ ಫಾಲ್ಸಿನ ಮಿಲ್ಲಿನ ತನಕ ಹೋಗಿ ಬಂದ. ಹಂಸ ನಡೆದ ಹಾಗೆ ನಡೆಯಿತು. ಅಲ್ಲಪ್ಪ ಹೊಸ ಮದುಮಗನನ್ನು ನೋಡುವ ಹಾಗೆ ಗಾಡಿಯ ಸುತ್ತ ತಿರುಗಿದ.

ಮರುದಿನ ಡಾಕ್ಟರು ಮೂಡಲಗಿಗೆ ಹೊರಟರು. ಬೆಲ್ಲ ಇಳಿಸಿ ಆಗಿತ್ತು. ಗಾಡಿ ಬಾಲ ಎತ್ತಿದ ಹೋರಿಯ ಹಾಗೆ ನಿಂತಿತ್ತು, ಹಿಂದಿನ ಗಾಲಿಗಳು ಕೆಳಗೆ ಒಳಗೊಳಗೆ ಮಡಚಿದ್ದವು. ಊರು ದಾಟಿ ಮೊದಲ ತಗ್ಗಿಗೆ ಡಾಕ್ಟರ ಟೋಪಿ ಗಾಡಿಯ ಮಾಡಿಗೆ ತಾಗಿತು. ಎರಡನೆಯ ತಗ್ಗಿಗೆ ತಲೆಯೇ ತಾಗಿತು. ಒಂದು ತಿರುವಿನಲ್ಲಿ ಬಾಲ ಹೊರಳಿ ಗಾಡಿ ಜೋಳದ ಹೊಲದ ಕಡೆ ಮುಖ ಮಾಡಿ ನಿಂತಿತು. ಡಾಕ್ಟರು ಇಳಿದು ಔಷಧದ ಬಾಟಲಿಗಳನ್ನು ನೋಡಿದರು, ಹೊಳೆಪ್ಪನನ್ನು ನೋಡಿದರು. ಮೊದಲೇ ವಾಸಿ ಇತ್ತು, ಹೇಗಿತ್ತೋ ಹಾಗೆ ಮಾಡು ಎಂದು ಮೆಲ್ಲಗೆ ಹೇಳಿದರು. ಅವರು ಜೋರಾಗಿ ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹೊಳೆಪ್ಪ ತಪ್ಪಿದ್ದು ಎಲ್ಲಿ ಎಂಬುದು ಅವನಿಗೆ ಅಲ್ಲೇ ಹೊಲದ ಬದುವಿನ ಮೇಲೆ ಹೊಳೆಯಿತು. ಬಸ್ಸು, ಲಾರಿ, ಚಕ್ಕಡಿ, ಟಾಂಗಾ, ಅವನು ಕಂಡ ಯಾವ ಗಾಡಿಯೂ ಎಂದೂ ಖಾಲಿ ಹೋಗಿದ್ದಿಲ್ಲ. ಬಸ್ಸಿನ ಮಾಡಿನ ಮೇಲೂ ಕುರಿ ಕೂತಿರುತ್ತಿದ್ದ ಸೀಮೆ ಇದು. ಗಾಡಿ ಎಂದರೆ ಭಾರ ಎಂದು ಅವನ ಕೈಗೆ ರೂಢಿ. ಆ ರೂಢಿಯಲ್ಲೇ ಅವನು ಆಮಿಗಾಡಿಯನ್ನೂ ತುಂಬಿದ ಗಾಡಿಗೆಂದು ತಿರುವಿಟ್ಟಿದ್ದ. ಭಾರವಿದ್ದರೆ ಅದು ತೊಟ್ಟಿಲು, ಖಾಲಿ ಇದ್ದರೆ ಮೊರ. ಮತ್ತೆ ಬಿಚ್ಚಿ ಒಂದು ಹಲ್ಲು ಹಿಂದೆ ಕೂಡಿಸಬೇಕು. ಆದರೆ ಎದುರಿಗೆ ರವಿವಾರ, ಭುಜ ಇನ್ನೂ ಪೂರ್ತಿ ಏಳುತ್ತಿರಲಿಲ್ಲ, ಬೆನ್ನು ಬಗ್ಗುತ್ತಿರಲಿಲ್ಲ. ಜೀವ ಬೇಸತ್ತು ಹೋಗಿತ್ತು. ರವಿವಾರ ಬೆಲ್ಲ ಹೇರಿಕೊಂಡೇ ಹೋಗಿ ಬರುತ್ತೇನೆ, ಆಮೇಲೆ ಬಿಚ್ಚುತ್ತೇನೆ ಎಂದು ಡಾಕ್ಟರಲ್ಲಿ ಬೇಡಿಕೊಂಡ. ಅವರು ಹೂಂ ಎಂದರು.

ರವಿವಾರ ಮುಂಜಾನೆ ಬೆಲ್ಲದ ಪೆಂಟಿಗಳನ್ನು ಹಿಂದಿನ ಸೀಟಿಗೆ ಹೇರಿ, ಮೇಲೆ ಕೌದಿ ಹೊದಿಸಿ ಹೊಳೆಪ್ಪ ಹುಕ್ಕೇರಿಗೆ ಹೋದ. ಹೋಗುವಾಗ ಒಮ್ಮೆಯೂ ತಳ ಬಡಿಯಲಿಲ್ಲ. ಮುಂದಿನ ಸೀಟಿನಲ್ಲಿ ಮಗಳು, ಹಿಂದೆ ಬೆಲ್ಲ, ಸಾವಕಾಶ ಬರುವುದು, ಇಷ್ಟೇ ಅವನ ಯೋಚನೆ. ಬೀಗರ ಮನೆಯ ಮುಂದೆ ಗಾಡಿ ನಿಲ್ಲಿಸಿ, ಕೈಕಾಲು ತೊಳೆದು, ಕಂಬಳಿಯ ಮೇಲೆ ಕೂತು ಒಂದು ಬಟ್ಟಲು ಚಹಾ ಕುಡಿದ. ಅಷ್ಟರಲ್ಲಿ ಹೊರಗೆ ಓಣಿಯ ಹೆಂಗಸರ ಗದ್ದಲ ಕೇಳಿ ಎದ್ದು ಬಂದು ನೋಡಿದರೆ ಬೆಲ್ಲ ಇರಲಿಲ್ಲ.

ಬಸುರಿ ಮಗಳನ್ನು ಕರೆಯಲು ಬರುವ ತಂದೆ ಬರಿಗೈಯಲ್ಲಿ ಬರುವುದಿಲ್ಲ. ಬುತ್ತಿ ತರುತ್ತಾನೆ, ಬೆಲ್ಲ ತರುತ್ತಾನೆ. ಅವನ ಗಾಡಿಯಲ್ಲಿ ಬಂದದ್ದು ಬೀಗರ ಮನೆಗೆ ಬಂದದ್ದು, ಓಣಿಗೆ ಹಂಚುವಂಥದ್ದು. ಇದನ್ನು ಹುಕ್ಕೇರಿಯಲ್ಲಿ ಯಾರೂ ಕೇಳಿ ಮಾಡುವುದಿಲ್ಲ. ಹೆಂಗಸರು ಕೌದಿ ಎತ್ತಿ ನೋಡಿದ್ದರು, ಇಷ್ಟು ಬೆಲ್ಲ ಯಾವ ಬೀಗನೂ ತಂದದ್ದಿಲ್ಲ ಎಂದು ಬೆರಗಾಗಿದ್ದರು, ಹೊತ್ತು ಒಳಗಿಟ್ಟಿದ್ದರು. ಒಂದು ಪೆಂಟಿ ಆಗಲೇ ಒಡೆದು ಮನೆಮನೆಗೆ ಹೋಗಿತ್ತು. ಶೆಟ್ಟೆವ್ವನ ಮುಖದಲ್ಲಿ ಹೊಳೆಪ್ಪ ಎಂದೂ ಕಾಣದ ನಗು ಇತ್ತು. ಅದು ಉಡುಗೊರೆ ಅಲ್ಲ, ಗಾಡಿಯ ಭಾರ, ಮರಳಿ ಕೊಡಿರಿ ಎಂದು ಹೆಣ್ಣು ಕೊಟ್ಟವನು ಯಾವ ಬಾಯಿಂದ ಹೇಳಬೇಕು? ಈ ಸಂಗತಿ ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಅವನು ಹಣೆ ಬಡಿದುಕೊಂಡ.

ಹಿಂದೆ ಏನಾದರೂ ಭಾರ ಬೇಕು ಎಂದಷ್ಟೇ ಹೇಳಿ ನೋಡಿದ. ಯಾರೋ ಗೋಡೆಯ ಕಲ್ಲು ತೋರಿಸಿದರು. ಬಸುರಿಯ ಬೆನ್ನಿಗೆ ಕಲ್ಲು ಹೇರುತ್ತೀರೇನು ಎಂದು ಶೆಟ್ಟೆವ್ವ ಅವರನ್ನು ಓಣಿಯ ತುದಿಯ ತನಕ ಅಟ್ಟಿದಳು. ಜೋಳದ ಚೀಲ ಎಂದರೆ, ಸೊಸೆಯ ಜೊತೆಗೆ ಮನೆಯ ಕಾಳೂ ಹೊರಗೆ ಹೋದರೆ ಲಕ್ಷ್ಮಿ ಹೋದ ಹಾಗೆ ಎಂದು ಮುದುಕಿಯೊಬ್ಬಳು ತಡೆದಳು. ಮಾಲಿಂಗಪ್ಪ ಇದ್ದಿದ್ದರೆ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದನೇನೋ, ಆದರೆ ಅವನಿಗೆ ಅಣೆಕಟ್ಟಿನಿಂದ ಬಿಡುವು ಸಿಕ್ಕಿರಲಿಲ್ಲ. ಬಿಸಿಲೇರುತ್ತಿತ್ತು. ರಾಯವ್ವ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು, ಎರಡೂ ಕೈ ಹೊಟ್ಟೆಯ ಮೇಲೆ. ಅವಳ ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು. ಖಾಲಿ ಗಾಡಿಯಲ್ಲಿ ಕೂಡಿಸಿದರೆ ಆ ತಿರುವಿನಲ್ಲಿ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಬಿಟ್ಟು ಹೋದರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದರು.

ಅವನು ಬೀಗತಿಯ ಕಡೆ ನೋಡಿದ. ಅಡಿಯಿಂದ ಮುಡಿಯ ತನಕ ನೋಡಿದ. ಬೀಗತಿ ಕರೆಯದೆ, ಉಡಿ ತುಂಬಿಸಿಕೊಳ್ಳದೆ ಸೊಸೆಯ ತವರಿಗೆ ಕಾಲಿಡುವವಳಲ್ಲ. ಹೀಗೆ ಹೊರಡು ಎಂದು ಕೇಳುವುದೇ ಅವಮಾನ. ಅವನು ಸುಮ್ಮನೆ ನೆಲ ನೋಡುತ್ತ ಇದ್ದುದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಅಕ್ಕಾರ, ಹಿಂದ ಭಾರ ಇಲ್ದಿದ್ರ ಗಾಡಿ ಒಗಿತೈತ್ರಿ. ಬೆಲ್ಲ ಅದಕ್ಕಂತ ತಂದಿದ್ನಿ. ನೀವು ಹಿಂದ ಕುಂತ್ರ ಹುಡುಗಿ ಅಲಗಾಡದಂಗ ಹೋಗ್ತಾಳ."

ಶೆಟ್ಟೆವ್ವ ಬಗ್ಗಿ ಗಾಡಿಯ ಖಾಲಿ ಸೀಟನ್ನು ನೋಡಿದಳು. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

"ಅಂದ್ರ ನಾ ಬೆಲ್ಲದ ಪೆಂಟಿ ಬದಲಿ."

"ಹೌದ್ರಿ."

ಅವಳು ಒಳಗೆ ಹೋದಳು. ಮುಗಿಯಿತು, ಇನ್ನು ಈ ಮನೆಯ ಬಾಗಿಲು ತನಗೆ ಮುಚ್ಚಿದಂತೆ ಎಂದು ಹೊಳೆಪ್ಪ ತಿಳಿದ. ಆದರೆ ಅವಳು ಇಳಕಲ್ಲ ಸೀರೆ ಉಟ್ಟು, ಎಲೆಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಆ ಗಾಡಿಗೆ ಹಿಂದೆ ಬಾಗಿಲಿಲ್ಲ, ಮುಂದಿನ ಸೀಟು ಮಡಚಿ ಒಳಗೆ ತೂರಬೇಕು. ಅವಳನ್ನು ತೂರಿಸಲು ಮೂವರು ಬೇಕಾದರು. ನೂಕಿದರು, ಜಗ್ಗಿದರು, ಒಮ್ಮೆ ನಡುವೆ ಸಿಕ್ಕಿಕೊಂಡು ಅವಳು ಎಲ್ಲರ ವಂಶವನ್ನೂ ಬೈದಳು. ಅವಳು ಸೀಟಿನ ಮೇಲೆ ಕೂತಾಗ ಗಾಡಿ ಒಂದು ಸಲ ಉಸ್ಸೆಂದು ಇಳಿದು ಸಮನಾಗಿ ನಿಂತಿತು. ಹೊಳೆಪ್ಪ ಕೆಳಗೆ ಬಗ್ಗಿ ಗಾಲಿಗಳನ್ನು ನೋಡಿದ. ನೆಟ್ಟಗಿದ್ದವು.

ಅವರು ಹೊರಟರು. ಕಲ್ಲಿನ ಲಾರಿ ತೋಡಿದ ತಗ್ಗುಗಳಲ್ಲಿ ಗಾಡಿ ಇಳಿದು ಇಳಿದು ಏರಿತು, ಎಲ್ಲೂ ಬಡಿಯಲಿಲ್ಲ. ಒಂದಷ್ಟು ದೂರ ಶೆಟ್ಟೆವ್ವ ಹೆದರಿ ದೇವರ ಹೆಸರು ಹೇಳುತ್ತಿದ್ದಳು. ಆಮೇಲೆ ಎಲೆ ಹಾಕಿಕೊಂಡಳು. ಆಮೇಲೆ ಸದ್ದು ನಿಂತಿತು, ಗೊರಕೆ ಸುರುವಾಯಿತು. ಹೊಳೆಪ್ಪ ಇಷ್ಟು ವರ್ಷ ಈ ಹಾದಿಯಲ್ಲಿ ಗಾಡಿ ಹೊಡೆದಿದ್ದ; ಅವನ ಗಾಡಿಯಲ್ಲಿ ಯಾರೂ ನಿದ್ದೆ ಮಾಡಿದ್ದಿಲ್ಲ. ಮೈಯೆಲ್ಲ ಹಣ್ಣಾಗಿದ್ದರೂ ಅವನಿಗೆ ಒಳಗೊಳಗೆ ಹಿಗ್ಗಾಯಿತು.

ಘಟಪ್ರಭಾ ಸ್ಟೇಷನ್ನಿನ ಹತ್ತಿರ ರೈಲಿನ ಗೇಟು ಹಾಕಿತ್ತು. ಮಾಲುಗಾಡಿ ಬರುವುದಿತ್ತು. ಹೊಳೆಪ್ಪ ಎಂಜಿನು ಬಂದ್ ಮಾಡಿದ. ಬಿಸಿಲು, ನೊಣ, ಹಿಂದೆ ಗೊರಕೆ. ಮಗಳನ್ನು ಮಾತಾಡಿಸಬೇಕೆಂದು ಅವನು, ನೋಡು, ಈ ಗಾಡಿ ಮೊದಲೇ ಹೀಗೆ ಮಾಡಿದ್ದರೆ ಆ ಎರಡೂ ಉಳಿಯುತ್ತಿದ್ದವು, ನನಗೆ ಬುದ್ಧಿ ತಡವಾಗಿ ಬಂತು ಎಂದ. ರಾಯವ್ವ ಹಿಂದೆ ತಿರುಗಿ ಅತ್ತೆಯನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಅವು ಹಾದ್ಯಾಗ ಹೋದವಲ್ಲ, ಅಪ್ಪಾ. ಗಾಡಿ ಹತ್ತೂ ಮೊದಲ ಮುಗದಿತ್ತು. ಹೊಟ್ಟ್ಯಾಗ ಅಲಗಾಡೂದು ನಿಂತಿತ್ತು. ಅದಕ್ಕ ಅವ್ವನ ಕಡೆ ಹೋಗತೇನಂತ ಹಟಾ ಹಿಡದಿದ್ನಿ."

ಹೊಳೆಪ್ಪನಿಗೆ ತಿಳಿಯಲಿಲ್ಲ. ತಿಳಿದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಯಾರ ಮ್ಯಾಲ ಹಾಕಲಿ? ಅತ್ತಿ ಮ್ಯಾಲ ಹಾಕಿದ್ರ ಮನಿ ಒಡೀತಿತ್ತು. ನನ್ನ ಮ್ಯಾಲ ಹಾಕ್ಕೊಂಡ್ರ ನಾ ಮನಿ ಬಿಡಬೇಕಾಗ್ತಿತ್ತು. ಹಾದಿ ಮ್ಯಾಲ ಹಾಕಿದ್ರ ಅದೇನ ಹೊಳ್ಳಿ ಮಾತಾಡತೈತಿ?"

ಮಾಲುಗಾಡಿ ಬಂತು. ಡಬ್ಬಿಯ ಮೇಲೆ ಡಬ್ಬಿ, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಹೊಳೆಪ್ಪ ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಭುಜಕ್ಕೆ ಏಟು ತಿಂದದ್ದು, ಹಲ್ಲು ದಾಟಿಸಿದ್ದು, ಡಾಕ್ಟರ ಮುಂದೆ ತಲೆ ತಗ್ಗಿಸಿದ್ದು, ಎಲ್ಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತಲ್ಲ ಎಂದು ಅವನಿಗೆ ಅಳು ಬಂತು. ಅಂಥ ದಣಿವು ಅವನಿಗೆ ಲಾರಿಯ ಕಾಲದಲ್ಲೂ ಆಗಿರಲಿಲ್ಲ. ರೈಲು ದಾಟಿದ ಮೇಲೆ, ಹಾಗಾದರೆ ಈ ಸಲ ಯಾಕೆ ಬರುವುದಿಲ್ಲ ಅಂದೆ ಎಂದು ಕೇಳಿದ.

"ಈ ಸರ್ತಿ ಜೀವ ಐತಿ. ಮುಂಜಾನಿಂದ ಒದ್ಯಾಕತ್ತೇತಿ. ಹಾದಿಗೆ ನಾ ಹೆದರಿದ್ದು ಇದ ಮೊದಲ, ಅಪ್ಪಾ."

ಗೇಟು ಎದ್ದಿತು. ಹಿಂದಿನ ಚಕ್ಕಡಿಯವರು ಕೂಗಿದರು. ಹೊಳೆಪ್ಪ ಎಂಜಿನು ಸುರು ಮಾಡಿದ, ಆದರೆ ಗಾಡಿ ಮುಂದೆ ಬಿಡಲಿಲ್ಲ. ಸತ್ತದ್ದನ್ನು ಹೊತ್ತು ಎರಡು ಸಲ ಬಂದ ಹಾದಿ ಇದು; ಬದುಕಿರುವುದನ್ನು ಹೊತ್ತು ಹೋಗುವುದು ಇದೇ ಮೊದಲು, ಅದೂ ತನ್ನ ಕೈಯಲ್ಲಿ. ಆಗ ಹಿಂದಿನಿಂದ, ಕಣ್ಣು ಮುಚ್ಚಿಕೊಂಡೇ, ಶೆಟ್ಟೆವ್ವ ಮಾತಾಡಿದಳು. "ಸಾವಕಾಶ ಹೊಡೀರಿ, ಬೀಗರ. ನಾ ಗಟ್ಟಿ ಕುಂತೇನಿ." ಗೊರಕೆ ಯಾವಾಗ ನಿಂತಿತ್ತೋ ಹೊಳೆಪ್ಪನಿಗೆ ಗೊತ್ತಾಗಿರಲಿಲ್ಲ. ರಾಯವ್ವ ಹೆದರಿ ತ್ರಾಸಿನಿಂದ ಹಿಂದೆ ತಿರುಗಿದಳು. ಶೆಟ್ಟೆವ್ವ ಕಣ್ಣು ತೆರೆಯಲಿಲ್ಲ, ಕೈ ಚಾಚಿ ಸೊಸೆಯ ಹೆಗಲ ಮೇಲೆ ಇಟ್ಟಳು. ಗೋಕಾಕ ಬರುವ ತನಕ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಹೊಳೆಪ್ಪ ಹೊಡೆದ ಹಾಗೆ ಯಾರೂ ಗಾಡಿ ಹೊಡೆದಿರಲಿಕ್ಕಿಲ್ಲ. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿದರು. ಕೊಣ್ಣೂರಿನಲ್ಲಿ ಕುರಿಹಿಂಡು ಹಿಂದೆ ಹಾಕಿತು. ಒಂದೊಂದು ಕಲ್ಲಿಗೂ ಅವನು ಅದರ ಹೆಸರು ಗೊತ್ತಿರುವವನ ಹಾಗೆ ಬಳಸಿ ನಡೆದ. ಮನೆಯ ಮುಂದೆ ನಿಲ್ಲಿಸಿದಾಗ ಹೊತ್ತು ಇಳಿದಿತ್ತು, ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಸೀಟಿನಿಂದ ಏಳಲು ಆಗದೆ ಅವನು ಅಲ್ಲೇ ಕೂತ.

ಇಂದ್ರವ್ವ ರೊಟ್ಟಿಯ ತುಣುಕು, ನೀರು ಹಿಡಿದು ಬಂದು ಮಗಳಿಗೆ ನಿವಾಳಿಸಿ ಚೆಲ್ಲಿದಳು. ಹಿಂದೆ ಕೂತ ಬೀಗತಿಯನ್ನು ಕಂಡು ಒಂದು ಗಳಿಗೆ ಬೆರಗಾದಳು. ಹೊಸ್ತಿಲ ಹತ್ತಿರ ಮಗಳನ್ನು ನಿಲ್ಲಿಸಿ, ಸೆರಗು ಸರಿಸಿ, ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ತಲೆ ಬಗ್ಗಿಸಿ ನಿಂತಳು. ಹಿಂದಿನ ಎರಡೂ ಸಲ ಹೀಗೇ ಇಟ್ಟಿದ್ದಳು. ಎರಡು ಸಲವೂ ಏನೂ ಹೇಳದೆ ಕೈ ತೆಗೆದು ಒಳಗೆ ಹೋಗಿದ್ದಳು, ನೀರು ಕಾಸಲು ಹೋದಳೆಂದು ಅವನು ತಿಳಿದಿದ್ದ. ಅವಳಿಗೆ ಆಗಲೇ ಗೊತ್ತಿತ್ತು ಎಂಬುದು ಹೊಳೆಪ್ಪನಿಗೆ ಈಗ, ಗಾಡಿಯಲ್ಲಿ ಕೂತಲ್ಲೇ, ತಿಳಿಯಿತು. ಅವನು ಹೆಂಡತಿಯ ಕೈಯನ್ನೇ ನೋಡಿದ. ಇಂದ್ರವ್ವ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಮುಖ ಎತ್ತಿ ಗಂಡನ ಕಡೆ ತಿರುಗಿ, "ಐತಿ" ಎಂದಳು.